ಮನೆಯ ಕಾರ್ಯಾಗಾರದಲ್ಲಿ ಕಿಟ್ ವಿಮಾನ: ಹಂತ ಹಂತದ ಹೂಡಿಕೆಯ ಒಂದು ಅಧ್ಯಯನ

ಬಿಡಿಭಾಗಗಳ ಕಿಟ್ ಖರೀದಿಸಿ ಮನೆಯಲ್ಲಿಯೇ ವಿಮಾನ ನಿರ್ಮಿಸುವ ಹವ್ಯಾಸವು ಅಮೆರಿಕದಲ್ಲಿ ದಶಕಗಳಿಂದ ಬೆಳೆದುಬಂದಿದೆ. 1973ರಲ್ಲಿ ರಿಚರ್ಡ್ ವ್ಯಾನ್‌ಗ್ರುನ್ಸ್‌ವೆನ್ ಅವರು ಸ್ಥಾಪಿಸಿದ, ಒರೆಗಾನ್ ರಾಜ್ಯದ ವ್ಯಾನ್ಸ್ ಏರ್‌ಕ್ರಾಫ್ಟ್ ಸಂಸ್ಥೆಯ ಕಿಟ್‌ಗಳಿಂದಲೇ 11,000ಕ್ಕೂ ಹೆಚ್ಚು ವಿಮಾನಗಳು ಸಿದ್ಧವಾಗಿ ಹಾರಿವೆ. ಇಂತಹ ಕಾರ್ಯಾಗಾರವನ್ನು ಸಜ್ಜುಗೊಳಿಸುವವನು ಎದುರಿಸುವ ಪ್ರಶ್ನೆಗಳು ಸಣ್ಣ ಉದ್ಯಮಿಯ ಪ್ರಶ್ನೆಗಳೇ ಆಗಿವೆ. ಸ್ಥಳ ಎಷ್ಟು ಬೇಕು? ಯಾವ ಉಪಕರಣ ಮೊದಲು? ಮುಂಗಡ ಎಷ್ಟು ಕೊಡಬಹುದು? ಯಾವ ದಾಖಲೆ ಇಡಬೇಕು?

1. ಸ್ಥಳ

ಲೋಹದ ಸಣ್ಣ ವಿಮಾನಕ್ಕೆ ಎರಡು ಕಾರು ನಿಲ್ಲುವ ಗ್ಯಾರೇಜ್ ಸಾಮಾನ್ಯವಾಗಿ ಸಾಕಾಗುತ್ತದೆ. ರೆಕ್ಕೆಗಳನ್ನು ಪ್ರತ್ಯೇಕವಾಗಿ ನಿರ್ಮಿಸಿ ಬದಿಗಿರಿಸಿ, ಅದೇ ಜಾಗದಲ್ಲಿ ವಿಮಾನದ ಒಡಲನ್ನು ಕಟ್ಟಲಾಗುತ್ತದೆ. ಇವೆರಡನ್ನೂ ಜೋಡಿಸುವ ಅಂತಿಮ ಕೆಲಸ ಮಾತ್ರ ವಿಮಾನ ನಿಲ್ದಾಣದ ಹ್ಯಾಂಗರ್‌ನಲ್ಲಿ ನಡೆಯುತ್ತದೆ. ಹೀಗಾಗಿ ಮೊದಲ ದಿನದಿಂದಲೇ ಹ್ಯಾಂಗರ್ ಬಾಡಿಗೆ ತೆರಬೇಕಾಗಿಲ್ಲ. ಆದರೆ ಬೆಂಚಿನ ಮೇಲ್ಮೈ ಸಮತಟ್ಟಾಗಿರಲೇಬೇಕು. ಬೆಂಚು ತಿರುಚಿದ್ದರೆ ಅದರ ಮೇಲೆ ಕಟ್ಟಿದ ಭಾಗವೂ ತಿರುಚುತ್ತದೆ. ಧಾರಾಳವಾದ ಬೆಳಕು, ಪ್ರೈಮರ್ ಬಳಿಯುವಾಗ ಗಾಳಿಯಾಡುವ ವ್ಯವಸ್ಥೆ ಅತ್ಯಗತ್ಯ.

2. ಉಪಕರಣ

ಏರ್ ಕಂಪ್ರೆಸರ್, ಡ್ರಿಲ್, ರಿವೆಟ್ ಗನ್, ರಿವೆಟ್‌ನ ಹಿಂಬದಿಗೆ ಒತ್ತಿ ಹಿಡಿಯುವ ಉಕ್ಕಿನ ತುಂಡು, ತಗಡುಗಳನ್ನು ತಾತ್ಕಾಲಿಕವಾಗಿ ಬಂಧಿಸುವ ಕ್ಲೆಕೊ ಎಂಬ ಸ್ಪ್ರಿಂಗ್ ಕ್ಲಿಪ್‌ಗಳು, ಶ್ರವಣರಕ್ಷಕ — ಆರಂಭಕ್ಕೆ ಮುಖ್ಯವಾಗಿ ಬೇಕಾದವು ಇವು. ಬಡಿದ ನಂತರ ರಿವೆಟ್‌ನ ತುದಿಯು ಅದರ ವ್ಯಾಸದ ಒಂದೂವರೆ ಪಟ್ಟು ಅಗಲ ಮತ್ತು ಅರ್ಧದಷ್ಟು ಎತ್ತರ ಇರಬೇಕೆಂಬುದು ಸಾಮಾನ್ಯ ಅಳತೆ. ಈ ಅಳತೆ ಕೈಗೆ ಹತ್ತುವವರೆಗೆ ಅಗ್ಗದ ಅಭ್ಯಾಸ ಕಿಟ್‌ನ ಮೇಲೆ ಕಲಿಯುವುದು ಲೇಸು. ಅಭ್ಯಾಸದ ತಗಡು ಕೆಟ್ಟರೆ ನಷ್ಟ ಅಲ್ಪ. ರೆಕ್ಕೆಯ ಹೊದಿಕೆ ಕೆಟ್ಟರೆ ಹಣವೂ ಕಾಲವೂ ವ್ಯರ್ಥ.

3. ಮುಂಗಡ

ಕಿಟ್ ಅನ್ನು ಬಾಲ, ರೆಕ್ಕೆ, ಒಡಲು, ಅಂತಿಮ ಜೋಡಣೆ ಎಂಬ ಹಂತಗಳಲ್ಲಿ ಖರೀದಿಸಬಹುದು. ಎಂಜಿನ್, ಪ್ರೊಪೆಲ್ಲರ್ ಮತ್ತು ಉಪಕರಣ ಫಲಕದ ವೆಚ್ಚವು ಕೊನೆಯಲ್ಲಿ ಬರುತ್ತದೆ. ಒಂದು ಹಂತ ಮುಗಿಯುವ ಮುನ್ನ ಮುಂದಿನದಕ್ಕೆ ಹಣ ಕಟ್ಟುವುದೆಂದರೆ ಬಂಡವಾಳವನ್ನು ನಿಷ್ಕ್ರಿಯಗೊಳಿಸುವುದು ಮಾತ್ರವಲ್ಲ, ಮಾರಾಟಗಾರನಿಗೆ ಭದ್ರತೆಯಿಲ್ಲದ ಸಾಲ ನೀಡಿದಂತೆ.

ಇದಕ್ಕೆ ನಿದರ್ಶನ ಅದೇ ವ್ಯಾನ್ಸ್ ಸಂಸ್ಥೆ. ಬೇಡಿಕೆ ಏರಿತ್ತು, ಆದರೆ ಸಾಗಣೆ ಮತ್ತು ಕಚ್ಚಾವಸ್ತುಗಳ ವೆಚ್ಚವೂ ಏರಿತು. ಲೇಸರ್‌ನಿಂದ ಕತ್ತರಿಸಿದ ಕೆಲವು ಭಾಗಗಳಲ್ಲಿ ಬಿರುಕಿನ ಸಮಸ್ಯೆ ಕಾಣಿಸಿತು. ಹಳೆಯ ದರದ ಆರ್ಡರುಗಳು ನಷ್ಟ ತರತೊಡಗಿದವು. 2023ರ ಡಿಸೆಂಬರ್‌ನಲ್ಲಿ ಸಂಸ್ಥೆಯು ದಿವಾಳಿ ಕಾನೂನಿನ 11ನೇ ಅಧ್ಯಾಯದಡಿ ರಕ್ಷಣೆ ಕೋರಿತು. 2024ರಲ್ಲಿ ಪುನಾರಚನೆಗೊಂಡು ಹೊರಬಂದಿತು. ಈ ನಡುವೆ ಮುಂಗಡ ಕೊಟ್ಟಿದ್ದ ಗ್ರಾಹಕರು ತಮ್ಮ ಆರ್ಡರ್ ಉಳಿಸಿಕೊಳ್ಳಲು ಏರಿದ ಬೆಲೆಗೆ ಒಪ್ಪಬೇಕಾಯಿತು.

ನಮ್ಮ ದೇಶದ ವರ್ತಕರಿಗೂ ಇದು ಅನ್ವಯಿಸುತ್ತದೆ. ಸರಕು ಅಥವಾ ಸೇವೆಗಾಗಿ ಕಂಪನಿಗೆ ಮುಂಗಡ ನೀಡಿದವರನ್ನೂ 2016ರ ದಿವಾಳಿ ಸಂಹಿತೆಯಡಿ ವ್ಯಾವಹಾರಿಕ ಸಾಲಿಗರೆಂದು ಪರಿಗಣಿಸಬಹುದೆಂದು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ತೀರ್ಪಿತ್ತಿತು. ಆದರೆ ಅರ್ಜಿ ಸಲ್ಲಿಸಲು ಬಾಕಿಯು ಕನಿಷ್ಠ 1 ಕೋಟಿ ರೂಪಾಯಿ ಇರಬೇಕು. ಆಸ್ತಿ ಹಂಚಿಕೆಯಲ್ಲಿ ಭದ್ರತೆಯುಳ್ಳ ಸಾಲಿಗರ ನಂತರವೇ ಇವರ ಸರದಿ. ಲಕ್ಷಗಳ ಲೆಕ್ಕದಲ್ಲಿ ಮುಂಗಡ ಕಟ್ಟುವ ಸಣ್ಣ ವರ್ತಕನಿಗೆ ತೀರ್ಪಿಗಿಂತ ಎಚ್ಚರಿಕೆಯೇ ಹೆಚ್ಚಿನ ರಕ್ಷಣೆ.

4. ದಾಖಲೆ

ಅಮೆರಿಕದ ನಿಯಮದಂತೆ, ಹವ್ಯಾಸಿ ನಿರ್ಮಿತ ವಿಮಾನವೆಂಬ ಮಾನ್ಯತೆಗೆ ನಿರ್ಮಾಣದ ಬಹುಪಾಲು ಕೆಲಸವನ್ನು ಕಲಿಕೆ ಅಥವಾ ಮನರಂಜನೆಗಾಗಿ ಹವ್ಯಾಸಿಗಳೇ ಮಾಡಿರಬೇಕು. ಇದಕ್ಕೆ ಶೇ. 51ರ ನಿಯಮವೆಂಬ ಹೆಸರು ರೂಢಿಯಲ್ಲಿದೆ. ಅದನ್ನು ಸ್ಥಾಪಿಸುವುದು ದಿನಚರಿ, ಛಾಯಾಚಿತ್ರ ಮತ್ತು ಬಿಲ್ಲುಗಳಿಂದ. ವಾರ್ಷಿಕ ತಪಾಸಣೆಯನ್ನು ತಾನೇ ನಡೆಸುವ ಪ್ರಮಾಣಪತ್ರ ಪಡೆಯಲು ಮುಖ್ಯ ನಿರ್ಮಾಪಕನಿಗೆ ನೆರವಾಗುವುದೂ ಇದೇ ದಾಖಲೆ. ವೋಚರ್ ಇಲ್ಲದ ಖರ್ಚು ಲೆಕ್ಕಪರಿಶೋಧನೆಯಲ್ಲಿ ನಿಲ್ಲದಂತೆ, ದಾಖಲೆ ಇಲ್ಲದ ದುಡಿಮೆಯೂ ತಪಾಸಕನ ಮುಂದೆ ನಿಲ್ಲುವುದು ಕಷ್ಟ.

ಸಾರಾಂಶ

ಹಂತಕ್ಕೆ ತಕ್ಕ ಸ್ಥಳ, ಹಂತಕ್ಕೆ ತಕ್ಕ ಉಪಕರಣ, ಹಂತಕ್ಕೆ ತಕ್ಕ ಹಣ, ಪ್ರತಿ ಹಂತಕ್ಕೂ ದಾಖಲೆ. ಈ ಕ್ರಮದಲ್ಲಿ ನಡೆದವನು ಕಾರಣಾಂತರದಿಂದ ಮಧ್ಯದಲ್ಲಿ ನಿಲ್ಲಿಸಿದರೂ, ಮುಗಿದ ಭಾಗ ಮತ್ತು ಉಪಕರಣಗಳನ್ನು ಮತ್ತೊಬ್ಬ ಹವ್ಯಾಸಿಗೆ ಮಾರಿ ಹೂಡಿಕೆಯ ಒಂದಂಶವನ್ನಾದರೂ ಮರಳಿ ಪಡೆಯಬಲ್ಲ. ಹೊಸ ಯಂತ್ರ ಅಥವಾ ಹೊಸ ಘಟಕಕ್ಕೆ ಹಣ ತೊಡಗಿಸುವ ಉದ್ಯಮಿಯೂ ಇದೇ ಕ್ರಮವನ್ನು ಅನುಸರಿಸುವುದು ಯುಕ್ತ.