ಮಗನ ಫ್ಲ್ಯಾಟಿಗೆ ಸಹಿ ಹಾಕುವ ಮುನ್ನ ಕಂತಿನ ಲೆಕ್ಕ

ಕೊಳಗಲ್ಲು, ಕುರುಗೋಡು, ಸಿರುಗುಪ್ಪ ಕಡೆಯ ಎಷ್ಟೋ ಮನೆಗಳ ಮಕ್ಕಳು ಈಗ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾರೆ. ಅಲ್ಲಿ ಫ್ಲ್ಯಾಟ್ ನೋಡಿ, ಬೆಲೆ ಕೋಟಿ ಎಂದು ತಿಳಿಸಿ, ‘ಸಾಲಕ್ಕೆ ನೀವೂ ಜಂಟಿ ಸಹಿ ಹಾಕಬೇಕು’ ಎಂದು ಫೋನ್ ಮಾಡಿದಾಗ ಹೆತ್ತವರಿಗೆ ಹಿಗ್ಗೂ ಆಗುತ್ತದೆ, ದಿಗಿಲೂ ಆಗುತ್ತದೆ. ಹೂಂ ಅನ್ನುವ ಮುಂಚೆ ಹಾಳೆ, ಪೆನ್ನು ಹಿಡಿದು ಕೂತುಕೊಳ್ಳಿ.

ಮೊದಲು ಕೈಯಿಂದ ಎಷ್ಟು ಹಾಕಬೇಕು ನೋಡಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 75 ಲಕ್ಷ ದಾಟುವ ಸಾಲ ಮನೆ ಬೆಲೆಯ ಶೇ 75ನ್ನು ಮೀರುವಂತಿಲ್ಲ. ಹಾಗಾಗಿ ಕೋಟಿಯ ಮನೆಗೆ 75 ಲಕ್ಷವೇ ಮಿತಿ. ಉಳಿದ 25 ಲಕ್ಷದ ಜೊತೆಗೆ ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್, ಸರ್‌ಚಾರ್ಜ್. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೂ ಶೇ 2. ಇವು ಸಾಲದಲ್ಲಿ ಬರುವುದಿಲ್ಲ. ಅಲ್ಲಿಗೆ 32 ಲಕ್ಷಕ್ಕೂ ಮೇಲೆ ನಗದು ಬೇಕು. ಅಪ್ಪನ ಹೊಲದ ಮೇಲೆ ಕಣ್ಣು ಬೀಳುವುದು ಇಲ್ಲಿಯೇ.

ಇನ್ನು ಕಂತು. ಶೇ 8.5 ಬಡ್ಡಿ, 20 ವರ್ಷದ ಅವಧಿಯಾದರೆ ಪ್ರತಿ ಲಕ್ಷಕ್ಕೆ ತಿಂಗಳಿಗೆ 868 ರೂಪಾಯಿ. ಅದನ್ನು 75ರಿಂದ ಗುಣಿಸಿದರೆ ಸುಮಾರು 65,100. ಮೊದಲ ಕಂತಿನಲ್ಲಿ 53,125 ರೂಪಾಯಿ ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು 12 ಸಾವಿರದೊಳಗೆ. 20 ವರ್ಷಕ್ಕೆ ಬಡ್ಡಿಯೇ 81 ಲಕ್ಷ ದಾಟುತ್ತದೆ. ಅವಧಿ 15 ವರ್ಷಕ್ಕೆ ಇಳಿಸಿದರೆ ಕಂತು 73,900ರ ಹತ್ತಿರ ಬರುತ್ತದೆ, ಬಡ್ಡಿ ಮಾತ್ರ 23 ಲಕ್ಷದಷ್ಟು ಕಡಿಮೆಯಾಗುತ್ತದೆ.

ಈ ದರ ನಿಂತಲ್ಲಿ ನಿಲ್ಲುವುದಿಲ್ಲ. 2022ರ ಮೇನಿಂದ 2023ರ ಫೆಬ್ರುವರಿಯೊಳಗೆ, ಗೃಹಸಾಲದ ಬಡ್ಡಿಗೆ ಆಧಾರವಾಗುವ ರಿಸರ್ವ್ ಬ್ಯಾಂಕಿನ ರೆಪೊ ದರ ಶೇ 4ರಿಂದ 6.5ಕ್ಕೆ ಏರಿತ್ತು. ಆದ್ದರಿಂದ ಶೇ 9.5ಕ್ಕೂ ಒಮ್ಮೆ ಲೆಕ್ಕ ಹಾಕಿ: ಲಕ್ಷಕ್ಕೆ 932, ಅಂದರೆ ಸುಮಾರು 69,900. ಕೈಗೆ ಬರುವ ಸಂಬಳದಲ್ಲಿ ಎಲ್ಲ ಸಾಲದ ಕಂತು ಸೇರಿ ಶೇ 40 ಮೀರಬಾರದು ಎಂಬುದು ನನ್ನ ಖಚಿತ ಸಲಹೆ. ಹಾಗಾದರೆ ಮಗನ ಸಂಬಳ ಒಂದೂಮುಕ್ಕಾಲು ಲಕ್ಷದ ಆಸುಪಾಸು ಇರಬೇಕು. ಅಷ್ಟಿಲ್ಲದಿದ್ದರೆ ಚಿಕ್ಕ ಮನೆ ನೋಡಲಿ.

‘ಕಡಿಮೆ ಬಿದ್ದದ್ದನ್ನು ಭತ್ತದ ದುಡ್ಡಿನಲ್ಲಿ ತುಂಬೋಣ’ ಅನ್ನಬೇಡಿ. ಕಂತು ತಿಂಗಳು ತಿಂಗಳು ಬರುತ್ತದೆ, ಬೆಳೆಯ ಹಣ ಸುಗ್ಗಿಗೆ ಮಾತ್ರ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿ ಹೋದಾಗ ಕಾಲುವೆ ನಂಬಿದವರ ಎದೆ ಹೇಗೆ ಹೊಡೆದುಕೊಂಡಿತೆಂದು ನಿಮಗೇ ಗೊತ್ತು. ಜಂಟಿ ಸಾಲಗಾರರಾದ ಮೇಲೆ ಮಗ ಕಂತು ತಪ್ಪಿಸಿದರೆ ಬ್ಯಾಂಕು ನಿಮ್ಮನ್ನೂ ಕೇಳುತ್ತದೆ, ನಿಮ್ಮ ಸಿಬಿಲ್ ಅಂಕವೂ ಇಳಿಯುತ್ತದೆ.

ಸುಗ್ಗಿಯ ಹಣ ನಿಜಕ್ಕೂ ಉಳಿದರೆ ಅದನ್ನು ಅಸಲಿಗೆ ಕಟ್ಟಿ. ವ್ಯಕ್ತಿಗಳು ಪಡೆದ ಬದಲಾಗುವ ಬಡ್ಡಿಯ ಗೃಹಸಾಲಕ್ಕೆ ಮುಂಗಡ ಪಾವತಿ ದಂಡವಿಲ್ಲ. ಇದೇ ಶೇ 8.5ರ ಲೆಕ್ಕದಲ್ಲಿ ಮೊದಲ ವರ್ಷದ ಕೊನೆಗೆ 1 ಲಕ್ಷ ಹೆಚ್ಚುವರಿ ಕಟ್ಟಿದರೆ ಕೊನೆಯ ಏಳೆಂಟು ಕಂತು, ಅಂದರೆ ಹತ್ತಿರ ಹತ್ತಿರ 5 ಲಕ್ಷ ತಪ್ಪುತ್ತದೆ. ಕಟ್ಟುವಾಗ ‘ಕಂತು ಹಾಗೇ ಇರಲಿ, ಅವಧಿ ಇಳಿಸಿ’ ಎಂದು ಬ್ಯಾಂಕಿಗೆ ಬರೆದುಕೊಟ್ಟು, ಹೊಸ ಮರುಪಾವತಿ ಪಟ್ಟಿಯನ್ನು ಕೇಳಿ ಪಡೆಯಿರಿ.