ಬರೀ ಮೋಡ ಬರೆದರೆ ಚಿತ್ರವಾಗುತ್ತದೆಯೇ?

ಪ್ರಶ್ನೆ: ಮದುವೆಗೆ ಮುಂಚೆ ಚಿತ್ರ ಬರೆಯುತ್ತಿದ್ದೆ. ಈಗ ಇಬ್ಬರು ಚಿಕ್ಕ ಮಕ್ಕಳು, ಅತ್ತೆ-ಮಾವ, ಮನೆಗೆಲಸ. ಬಟ್ಟೆ ಒಣಹಾಕಲು ತಾರಸಿಗೆ ಹೋದಾಗ ಮೋಡ ಕಂಡರೆ ಕೈ ತುಡಿಯುತ್ತದೆ. ಸಂಸಾರದ ನಡುವೆ ಕಲೆ ಸಾಧ್ಯವೇ? ಬರೀ ಮೋಡ ಬರೆದರೆ ಅದನ್ನು ಚಿತ್ರ ಅನ್ನುತ್ತಾರೆಯೇ?
— ಓದುಗರೊಬ್ಬರು, ಹಾಸನ

ಉತ್ತರ: ಖಂಡಿತ ಅನ್ನುತ್ತಾರೆ. ಇಂಗ್ಲೆಂಡಿನ ಜಾನ್ ಕಾನ್‌ಸ್ಟೆಬಲ್ 1821 ಮತ್ತು 1822ರಲ್ಲಿ ಬರೆದ ಮೋಡದ ಚಿತ್ರಗಳನ್ನು ಇಂದು ಜಗತ್ತಿನ ದೊಡ್ಡ ಸಂಗ್ರಹಾಲಯಗಳು ಜೋಪಾನ ಮಾಡಿವೆ. ಹಲವು ಚಿತ್ರಗಳಲ್ಲಿ ಮರವಿಲ್ಲ, ಮನೆಯಿಲ್ಲ, ನೆಲವೇ ಇಲ್ಲ.

ಆ ಚಿತ್ರಗಳು ಹುಟ್ಟಿದ್ದೇ ಸಂಸಾರದ ಕಾರಣಕ್ಕೆ. ಹೆಂಡತಿ ಮರಿಯಾಗೆ ಕ್ಷಯ. ಲಂಡನ್ನಿನ ಹೊಗೆಯಿಂದ ಅವಳನ್ನು ದೂರವಿಡಬೇಕೆಂದು ಕಾನ್‌ಸ್ಟೆಬಲ್ 1819ರಿಂದ ಬೇಸಿಗೆಗೆ ಹ್ಯಾಂಪ್‌ಸ್ಟೆಡ್ ಗುಡ್ಡದ ಮೇಲೆ ಬಾಡಿಗೆ ಮನೆ ಹಿಡಿಯುತ್ತಿದ್ದ. 1821ರ ಹೊತ್ತಿಗೆ ಮೂವರು ಪುಟ್ಟ ಮಕ್ಕಳು, ಮರುವರ್ಷ ನಾಲ್ಕನೆಯದು. ಅವನ ಆರಡಿ ಅಗಲದ ದೊಡ್ಡ ಚಿತ್ರಗಳಿಗೆ ವಿಶಾಲವಾದ ಜಾಗ ಬೇಕಿತ್ತು. ಆದರೆ ಗುಡ್ಡದ ಮೇಲೆ ಕಣ್ಣೆತ್ತಿದಷ್ಟೂ ಆಕಾಶ. ಒಂದಡಿ ಆಸುಪಾಸಿನ ಹಾಳೆಯ ಮೇಲೆ, ತೈಲವರ್ಣದಲ್ಲಿ, ಹೆಚ್ಚುಕಡಿಮೆ ಒಂದು ಗಂಟೆಯೊಳಗೆ ಮುಗಿಸಿಬಿಡುತ್ತಿದ್ದ. ಮೋಡ ಅದಕ್ಕಿಂತ ಹೆಚ್ಚು ಕಾಯುವುದೂ ಇಲ್ಲ.

ಅವನ ತಂದೆ ಗಿರಣಿ ನಡೆಸುತ್ತಿದ್ದರು. ಗಾಳಿಯಂತ್ರದ ಗಿರಣಿಯಲ್ಲಿ ಕೆಲಸ ಮಾಡಿದವನಿಗೆ ಆಕಾಶ ನೋಡುವುದು ಹೊಟ್ಟೆಪಾಡಿನ ವಿದ್ಯೆ. ಹಾಗಾಗಿಯೇ ಏನೋ, ಹಾಳೆಯ ಹಿಂದೆ ತಾರೀಖು, ಹೊತ್ತು, ಗಾಳಿಯ ದಿಕ್ಕು, ಆಮೇಲೆ ಮಳೆ ಬಂತೇ ಎಂಬುದನ್ನೆಲ್ಲ ಬರೆದಿಡುತ್ತಿದ್ದ. ಒಂದರ ಹಿಂದೆ 'ಸಿರಸ್' ಎಂದಿದೆ. ಎತ್ತರದ ಎಳೆ ಮೋಡಗಳಿಗೆ ಲಂಡನ್ನಿನ ಔಷಧ ತಯಾರಕ ಲ್ಯೂಕ್ ಹೋವರ್ಡ್ 1802ರಲ್ಲಿ ಕೊಟ್ಟ ಹೆಸರು ಅದು. ಭೂದೃಶ್ಯದಲ್ಲಿ ಭಾವವನ್ನು ಹೊರುವುದು ಆಕಾಶವೇ ಎಂದು ಅದೇ ಕಾಲದಲ್ಲಿ ಗೆಳೆಯ ಜಾನ್ ಫಿಶರ್‌ಗೆ ಪತ್ರ ಬರೆದ. ನನಗಂತೂ ಆ ಮಾತಿಗಿಂತ ಹಾಳೆಯ ಹಿಂದಿನ ಟಿಪ್ಪಣಿಗಳೇ ಹೆಚ್ಚು ಇಷ್ಟ. ಸ್ಫೂರ್ತಿ ಬರಲಿ ಎಂದು ಕೂತವನ ಕೈಬರಹವಲ್ಲ ಅದು, ದಿನಾ ನೋಡಿದವನದು.

ಮರಿಯಾ 1828ರಲ್ಲಿ ತೀರಿಕೊಂಡಳು. ಅಷ್ಟರಲ್ಲಿ ಏಳು ಮಕ್ಕಳು. 1822ರಲ್ಲಿ, ಆ ಮೋಡಗಳ ಕಾಲದಲ್ಲೇ ಹುಟ್ಟಿದ ಮಗಳು ಇಸಬೆಲ್, 1888ರಲ್ಲಿ ಅಪ್ಪನ ಚಿತ್ರಗಳನ್ನು ದೇಶಕ್ಕೆ ದಾನ ಮಾಡಿದಳು. ಹಲವು ಮೋಡಗಳು ಉಳಿದದ್ದು ಅವಳಿಂದ.

ಆದರೆ ನಿಮಗೂ ಅವನಿಗೂ ಒಂದು ವ್ಯತ್ಯಾಸವಿದೆ, ಅದನ್ನು ಮುಚ್ಚಿಡಬಾರದು. ಅವನು ಕುಂಚ ಹಿಡಿದು ಹೊರಟಾಗ ಮಕ್ಕಳು ಮನೆಯಲ್ಲಿ ಬೇರೆಯವರ ಕೈಯಲ್ಲಿದ್ದರು. ನೀವು ಕಾನ್‌ಸ್ಟೆಬಲ್ಲೂ ಹೌದು, ಮರಿಯಾ ಕೂಡ ಹೌದು. ಆದ್ದರಿಂದ ವಾರದಲ್ಲಿ ಒಂದೆರಡು ಸಂಜೆ ಅರ್ಧ ಗಂಟೆ ಬೇಕೆಂದು ಮನೆಯವರನ್ನು ಬಾಯಿಬಿಟ್ಟು ಕೇಳಿ. ಮಕ್ಕಳು ಮಲಗಿದ ಮೇಲೆ ಬರೆಯೋಣವೆಂದರೆ ಆಗ ಮೋಡವೇ ಕಾಣುವುದಿಲ್ಲ.

ಜಲವರ್ಣ ಸಾಕು, ಬೇಗ ಒಣಗುತ್ತದೆ. ಮೋಡದ ಬಿಳುಪಿಗೆ ಬಣ್ಣ ಬೇಡ, ಹಾಳೆಯ ಬಿಳಿಯನ್ನೇ ಬಿಟ್ಟು ಸುತ್ತಲ ನೀಲಿ ಹಚ್ಚಿ. ಹಿಂಜಿದ ಹತ್ತಿಯಂಥ ಮೋಡಗಳ ತಳ ಗಮನಿಸಿ: ಚಪ್ಪಟೆ, ಎಲ್ಲವೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ. ಮೇಲೇರುವ ಗಾಳಿಯಲ್ಲಿನ ಆವಿ ಹನಿಯಾಗಲು ತೊಡಗುವ ಎತ್ತರ ಅದು. ದಿಗಂತದತ್ತ ಹೋದಂತೆ ಅವು ಚಿಕ್ಕದಾಗಿ ಒತ್ತೊತ್ತಾಗಿ ಕಾಣುತ್ತವೆ. ಇವೆರಡನ್ನು ಹಿಡಿದರೆ ಹಾಳೆಯಲ್ಲಿ ಆಕಾಶಕ್ಕೆ ಆಳ ಬಂದುಬಿಡುತ್ತದೆ.

ಮುಗಿದ ಮೇಲೆ ಹಿಂದೆ ತಾರೀಖು, ಹೊತ್ತು, ಗಾಳಿಯ ದಿಕ್ಕು ಬರೆಯಿರಿ. ಆಗ ನಡೆಯುತ್ತಿರುವುದು ಆರಿದ್ರಾ ಮಳೆಯೋ, ಪುಷ್ಯವೋ, ಮಘೆಯೋ ಅತ್ತೆ-ಮಾವನವರನ್ನು ಕೇಳಿ, ಅದನ್ನೂ ಬರೆದಿಡಿ.