ಬಜ್ಪೆಗೆ ಒಂದೇ ಗಂಟೆಯಂತೆ!

"ವಿಮಾನದಲ್ಲಿ ಒಂದೇ ಗಂಟೆ ದೊಡ್ಡಪ್ಪಾ, ಬೆಳಿಗ್ಗೆ ಹೊರಟರೂ ಹನ್ನೊಂದರ ಮುಹೂರ್ತಕ್ಕೆ ಪುತ್ತೂರಿನಲ್ಲಿರುತ್ತೇನೆ" ಅಂದೆಯಲ್ಲ ಮಾರಾಯ, ಟಿಕೆಟ್ ಮಾಡುವ ಮೊದಲು ನನ್ನ ನಾಲ್ಕು ಮಾತು ಕೇಳು.

ಟಿಕೆಟಿನಲ್ಲಿ ಬರೆದ ಒಂದು ಗಂಟೆ ಸುಳ್ಳಲ್ಲ. ಆದರೆ ಅದು ವಿಮಾನದ ಲೆಕ್ಕ, ನಿನ್ನದಲ್ಲ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಿಂದ ಮಂಗಳೂರಿನ ಬಜ್ಪೆ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 300 ಕಿ.ಮೀ. ಗಂಟೆಗೆ 800 ಕಿ.ಮೀ. ಓಡುವ ಜೆಟ್ಟಿಗೆ ಅರ್ಧ ಗಂಟೆಯೂ ಬೇಡ. ಮತ್ತೆ ಒಂದು ಗಂಟೆ ಯಾಕೆ? ಹೊತ್ತು ಎಣಿಸಲು ಶುರುವಾಗುವುದು ವಿಮಾನ ನಿಂತಲ್ಲಿಂದ ಕದಲಿದಾಗ, ಮುಗಿಯುವುದು ಬಜ್ಪೆಯಲ್ಲಿ ಅದು ತನ್ನ ಜಾಗಕ್ಕೆ ಬಂದು ನಿಂತಾಗ. ರನ್‌ವೇವರೆಗೆ ತೆವಳುವುದು, ಅಲ್ಲಿ ಸರದಿ ಕಾಯುವುದು, ಗಾಳಿ ನೋಡಿ ಪೂರ್ವಕ್ಕೆ ಏರಿದರೆ ಮತ್ತೆ ಪಡುವಣಕ್ಕೆ ತಿರುಗುವುದು, ಎಲ್ಲ ಅದರೊಳಗೇ. ಇಷ್ಟು ಹತ್ತಿರದ ದಾರಿಯಲ್ಲಿ ಏರಿ ಮುಗಿಯುವಷ್ಟರಲ್ಲಿ ಇಳಿಯುವ ಹೊತ್ತಾಗಿರುತ್ತದೆ. ಹಾಗಾಗಿ ಗಂಟೆಗೆ 500 ಕಿ.ಮೀ. ಆಸುಪಾಸಿನ ವೇಗದ ಎಟಿಆರ್ ವಿಮಾನ ಸಿಕ್ಕಿದರೂ ಮೂಗು ಮುರಿಯಬೇಡ, ಹೆಚ್ಚೇನೂ ತಡವಾಗುವುದಿಲ್ಲ. ದಿಲ್ಲಿಯ ಮಾತು ಬೇರೆ. ಅದು 1,700 ಕಿ.ಮೀ., ರೈಲಿಗೆ ಒಂದೂವರೆ ದಿನ, ವಿಮಾನಕ್ಕೆ ಮೂರು ಗಂಟೆಯೊಳಗೆ. ಅಲ್ಲಿಗೆ ಹಾರು, ನಾನು ಬೇಡ ಅನ್ನುವುದಿಲ್ಲ.

ಈಗ ನಿನ್ನ ಲೆಕ್ಕ ಹಾಕು. ಬನಶಂಕರಿಯ ನಿನ್ನ ಮನೆಯಿಂದ ದೇವನಹಳ್ಳಿಯ ನಿಲ್ದಾಣಕ್ಕೆ 40 ಕಿ.ಮೀ. ಮೇಲಾಯಿತು, ಹೆಬ್ಬಾಳದಲ್ಲಿ ಸಿಕ್ಕಿಬಿದ್ದರೆ ಎರಡು ಗಂಟೆ. ಚೆಕ್-ಇನ್ ಕೌಂಟರ್ ಒಂದು ಗಂಟೆ ಮೊದಲೇ ಮುಚ್ಚುತ್ತದೆ, ತಪಾಸಣೆಯ ಸಾಲು ಬೇರೆ. ಬಜ್ಪೆಯಿಂದ ಪುತ್ತೂರಿಗೆ ಮತ್ತೆ 50 ಕಿ.ಮೀ. ಆಸುಪಾಸು, ಬಿ.ಸಿ. ರೋಡಿನ ಗಲಾಟೆ ದಾಟಿಕೊಂಡು. ಕೂಡಿಸಿದರೆ ಆರು ಗಂಟೆ ಮೀರುತ್ತದೆ. ರಾತ್ರಿ ಬಸ್ಸಿಗೆ ಇದಕ್ಕಿಂತ ಒಂದೆರಡು ಗಂಟೆ ಹೆಚ್ಚಾದೀತು. ಆದರೆ ಬಸ್ಸಿನಲ್ಲಿ ನಿದ್ದೆಯಾಗುತ್ತದೆ, ಶಿರಾಡಿ ಇಳಿದು ಉಪ್ಪಿನಂಗಡಿ ದಾಟಿದರೆ ಮನೆಯೇ ಬಂತು.

ನಿನ್ನ ಮನೆ ಯಲಹಂಕದಲ್ಲಿದ್ದು, ಮದುವೆ ಮಂಗಳೂರು ಪೇಟೆಯಲ್ಲಿದ್ದಿದ್ದರೆ ನಾನೇ ವಿಮಾನ ಹತ್ತು ಅನ್ನುತ್ತಿದ್ದೆ. ದೂರ ನೋಡಬೇಕಾದ್ದು ಎರಡು ನಿಲ್ದಾಣಗಳ ನಡುವೆ ಅಲ್ಲ, ಎರಡು ಮನೆಗಳ ನಡುವೆ. ಮಳೆಗಾಲದಲ್ಲಂತೂ ಇನ್ನೊಂದು ತಕರಾರು. ಬಜ್ಪೆಯ ರನ್‌ವೇ ಗುಡ್ಡದ ನೆತ್ತಿಯಲ್ಲಿದೆ. ಮೋಡ ಕೆಳಗಿಳಿದು ಕಣ್ಣಿಗೆ ರನ್‌ವೇ ಕಾಣದಿದ್ದರೆ ವಿಮಾನ ಸುತ್ತು ಹೊಡೆಯುತ್ತದೆ, ಕೆಲವೊಮ್ಮೆ ಬೆಂಗಳೂರಿಗೇ ಹಿಂದಿರುಗುತ್ತದೆ. ಪುಣ್ಯಕ್ಕೆ ಮಳೆ ಜೋರಿರುವ ಆಟಿ ತಿಂಗಳಲ್ಲಿ ನಮ್ಮಲ್ಲಿ ಮದುವೆ ಇಲ್ಲ.

ಹಾಗಾಗಿ ಬರುವಾಗ ಬಸ್ಸಿನಲ್ಲಿ ಬಾ. ಹೋಗುವಾಗ ಆಸೆಯಿದ್ದರೆ ಹಾರು. ಊಟ ಮುಗಿಸಿ ಮೂರಕ್ಕೆ ಹೊರಟರೆ ರಾತ್ರಿಯ ವಿಮಾನ ನಿರಾಳವಾಗಿ ಸಿಗುತ್ತದೆ. ಒಂದೇ ವಿಷಯ: ದೊಡ್ಡಮ್ಮ ಮಿಡಿ ಉಪ್ಪಿನಕಾಯಿ ಕೊಡದೆ ಕಳಿಸುವವಳಲ್ಲ, ಅದನ್ನು ಕೈಚೀಲದಲ್ಲಿ ಒಯ್ಯಲು ತಪಾಸಣೆಯವರು ಬಿಡುವವರಲ್ಲ. ದೊಡ್ಡ ಬ್ಯಾಗಿಗೆ ಹಾಕಿ ಕೌಂಟರಿನಲ್ಲೇ ಕೊಡು, ಬೆಂಗಳೂರಿನಲ್ಲಿ ಇಳಿದ ಮೇಲೆ ಬೆಲ್ಟಿನ ಮುಂದೆ ಕಾಯುವ ಹೊತ್ತನ್ನೂ ಲೆಕ್ಕಕ್ಕೆ ಸೇರಿಸಿಕೋ.